ಕೊಲೀಮಾದ ಬಗ್ಗೆ ಕೇಳಿದ್ದೀರಿ

ಕೊಲೀಮಾ, ಮೆಕ್ಸಿಕೊ
12 ನವೆಂಬರ್ 2002

ಇವರಿಗೆ ಪರಮೇಶ್ವರಿಯ ನಮಸ್ಕಾರ.

ನಾನು ಸುಖವಾಗಿ ತಲುಪಿದೆ. ಮುಂಬಯಿಯಿಂದ ಹೊರಟು ನಡುವೆ ವಿಮಾನ ಬದಲಿಸಿ, ಮೆಕ್ಸಿಕೊ ಪಟ್ಟಣದಿಂದ ಬಸ್ಸಿನಲ್ಲಿ ಇಡೀ ದಿನ ಕುಳಿತು ಬಂದೆ. ಇಂಗ್ಲಿಷ್ ಸರಿಯಾಗಿ ಬಾರದ ಹೆಂಗಸು ಒಬ್ಬಳೇ ಹೇಗೆ ಹೋಗುತ್ತಾಳೆ ಎಂದು ನಿಮ್ಮ ತಂಗಿ ಹೆದರಿದ್ದಳಲ್ಲ, ಸತ್ಯವತಿಗೆ ಹೇಳಿ: ಕೇಳಿದವರಿಗೆಲ್ಲ ಪಾಸ್‌ಪೋರ್ಟ್ ತೋರಿಸಿ ನಕ್ಕರೆ ಸಾಕು, ಅವರೇ ಮುಂದಿನ ಬಾಗಿಲು ತೋರಿಸುತ್ತಾರೆ.

ಹೊರಡುವ ದಿನ ಗೇಟಿನ ಹತ್ತಿರ ನೀವು ಹೇಳಿದ್ದು ನೆನಪುಂಟು. ಆ ಮನೆಯಿಂದ ಫೋನ್ ಬಂದರೆ ನಾನು ಎತ್ತುವುದಿಲ್ಲ ಎಂದಿರಿ. ಸರಿ. ಕಾಗದ ಬಂದರೆ ಓದುವುದಿಲ್ಲ ಎನ್ನಲಿಲ್ಲ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವಳ ಮದುವೆಯಾದ ಈ ಮೂರು ವರ್ಷ ನೀವು ಮಗಳ ಹೆಸರು ಎತ್ತಿದವರಲ್ಲ. ನಿಮ್ಮ ಎದುರು ನಾನೂ ಎತ್ತದೆ ನಡೆದುಕೊಂಡೆ. ಆದರೆ ಈಗ ನಾನಿರುವುದು ಅವಳ ಮನೆಯಲ್ಲಿ, ಬಂದಿರುವುದು ಅವಳ ಬಾಣಂತನಕ್ಕೆ. ರಂಜನಿ ಎಂದು ಬರೆಯದೆ ಇಲ್ಲಿಂದ ನನಗೆ ಒಂದು ಸಾಲೂ ಬರೆಯಲಿಕ್ಕೆ ಆಗುವುದಿಲ್ಲ. ಬೇಡವಾದರೆ ಆ ಸಾಲು ಬಿಟ್ಟು ಓದಿ.

ಬಸ್ಸಿನಿಂದ ಇಳಿದಾಗ ನನಗೆ ಮೊದಲು ಕಂಡದ್ದು ತೆಂಗಿನಮರ. ಇಷ್ಟು ದೂರ ಬಂದು ಪುತ್ತಿಗೆಯಲ್ಲೇ ಇಳಿದೆನೋ ಎಂದುಕೊಂಡೆ. ಅದೇ ಬೆವರು, ಅದೇ ಬಾಳೆ, ಮಾವು, ದಾಸವಾಳ. ಮನೆಗಳು ತಗ್ಗು, ಮೇಲೆ ಕೆಂಪು ಹಂಚು, ನಡುವೆ ಅಂಗಳ. ಬೀದಿಗಳು ಮಾತ್ರ ನೂಲು ಹಿಡಿದು ಎಳೆದ ಹಾಗೆ ನೇರ. ಸ್ಪೇನಿನವರು ಕಟ್ಟಿದ ಊರುಗಳೆಲ್ಲ ಹೀಗೇ ಅಂತೆ: ನಡುವೆ ಒಂದು ಚೌಕದ ತೋಟ, ಅದರ ಒಂದು ಬದಿಗೆ ದೊಡ್ಡ ಇಗರ್ಜಿ, ಪಕ್ಕದಲ್ಲಿ ಸರಕಾರದ ಅರಮನೆ, ಉಳಿದ ಕಡೆ ಕಮಾನುಗಳ ಕೆಳಗೆ ಅಂಗಡಿಗಳು. ತೋಟದ ಮಧ್ಯೆ ಕಬ್ಬಿಣದ ಮಂಟಪ ಉಂಟು. ಭಾನುವಾರ ಅಲ್ಲಿ ವಾದ್ಯ ನುಡಿಸುತ್ತಾರೆ, ಮುದುಕರು ಮುದುಕಿಯರು ಕೈ ಹಿಡಿದುಕೊಂಡು ಕುಣಿಯುತ್ತಾರೆ. ಯಾರಿಗೂ ನಾಚಿಕೆ ಇಲ್ಲ. ಉತ್ತರದ ಕಡೆ ಎರಡು ಬೆಟ್ಟ. ಒಂದರ ತುದಿಯಿಂದ ಸದಾ ಹೊಗೆ.

ಅಳಿಯ ಎಫ್ರಾಯೀನ್ ನಿಮಗೆ ಗೊತ್ತಿರುವವನೇ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರಕ್ಕೆ ತರಬೇತಿಗೆ ಬಂದವನು, ರಂಜನಿಯ ಪ್ರಯೋಗಾಲಯದಲ್ಲೇ ಇದ್ದವನು, ನಮ್ಮ ಜಗಲಿಯಲ್ಲಿ ಎಲೆ ಹಾಕಿ ಉಂಡವನು. ಅವನ ಅಪ್ಪ ಎಲೀಹಿಯೊ, ಅಮ್ಮ ಚೋನಾ. ತೆಂಗಿನಿಂದ ಮಾಡುವ ಒಂದು ಪಾನೀಯದ ವ್ಯಾಪಾರ ಅವರದು. ಮರ್ಯಾದಸ್ಥರು. ಬಾಣಂತಿ ನಲುವತ್ತು ದಿನ ಹೊರಗೆ ಬರಬಾರದು ಎಂದು ನಾನು ಕೈಸನ್ನೆಯಲ್ಲಿ ಹೇಳಿದರೆ, ಚೋನಾ ತಾನೂ ನಾಲ್ಕು ಬೆರಳು ಎತ್ತಿ ಒಂದು ಸೊನ್ನೆ ಮಾಡಿ ತೋರಿಸಿದರು. ಅವರಲ್ಲಿಯೂ ನಲುವತ್ತೇ. ಅಲ್ಲಿಗೆ ನಮ್ಮಿಬ್ಬರ ಸಂಬಂಧ ಗಟ್ಟಿಯಾಯಿತು.

ಪರಮೇಶ್ವರಿ


ಪುತ್ತಿಗೆ
5 ಡಿಸೆಂಬರ್ 2002

ಪರಮೇಶ್ವರಿಗೆ,

ನಿನ್ನ ಕಾಗದ ಮೊನ್ನೆ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಸತ್ಯವತಿ ಬೆಳಗ್ಗೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ. ಅವಳ ಸಾಂಬಾರಿಗೆ ಉಪ್ಪು ಕಡಿಮೆ; ಹೇಳಿದರೆ ನನ್ನ ರಕ್ತದೊತ್ತಡದ ಮಾತು ತೆಗೆಯುತ್ತಾಳೆ. ಶಾಲೆಗೆ ಬರುವ ಸುತ್ತೋಲೆಗಳು ಈ ವರ್ಷವೂ ಮಲಯಾಳದಲ್ಲೇ. ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಅವನ್ನು ಓದಿ ಹೇಳುವುದೇ ಮುಖ್ಯೋಪಾಧ್ಯಾಯನ ಅರ್ಧ ಕೆಲಸವಾಗಿದೆ. ಮಾರ್ಚಿಗೆ ನಿವೃತ್ತಿ, ಮತ್ತೆ ಬೇರೆಯವರು ಓದಲಿ.

ಕಳ್ಳು ಇಳಿಸುವ ಬೋಜ ಬಂದು ಗದ್ದೆಬದಿಯ ಮರಗಳನ್ನು ಈ ವರ್ಷವಾದರೂ ಕೊಡುತ್ತೀರಾ ಎಂದು ಕೇಳಿದ. ಪ್ರತಿವರ್ಷದ ಉತ್ತರವನ್ನೇ ಕೊಟ್ಟು ಕಳುಹಿಸಿದೆ.

ನೀನು ಬರೆದ ಪಟ್ಟಣದ ವಿಚಾರ ಚರಿತ್ರೆಯ ದೃಷ್ಟಿಯಿಂದ ಕುತೂಹಲಕರವಾಗಿದೆ. ನಮ್ಮ ಶಾಲೆಯ ಅಟ್ಲಾಸಿನಲ್ಲಿ ಆ ಹೆಸರಿನ ಒಂದು ಚುಕ್ಕೆ ಉಂಟು, ವಿವರವಿಲ್ಲ. ಅದನ್ನು ಸ್ಥಾಪಿಸಿದವರು ಯಾರು, ಯಾವಾಗ? ಮನೆಗಳ ಗೋಡೆ ಕಲ್ಲಿನದೋ ಮಣ್ಣಿನದೋ? ನೀವಿರುವ ಮನೆ ಎಷ್ಟು ಹಳೆಯದು? ಹೊಗೆ ಬರುವ ಬೆಟ್ಟ ಮನೆಯಿಂದ ಎಷ್ಟು ದೂರ? ಅಂಥ ಹಳೆಯ ಪಟ್ಟಣದಲ್ಲಿ ಒಳ್ಳೆಯ ಆಸ್ಪತ್ರೆ ಇದೆಯೇ, ಇದ್ದರೆ ಎಷ್ಟು ಹತ್ತಿರ, ಡಾಕ್ಟರು ಹೆಂಗಸೋ ಗಂಡಸೋ? ಅಲ್ಲಿಯವರ ಆಹಾರವೇನು, ಹಾಲು, ಸೊಪ್ಪು, ತುಪ್ಪ ಸಿಗುತ್ತದೆಯೇ?

ಒಂಬತ್ತನೆಯ ತರಗತಿಗೆ ಸ್ಪೇನಿನವರ ವಸಾಹತುಗಳ ಪಾಠವಿದೆ. ಅದಕ್ಕೆ ಉಪಯೋಗವಾದೀತೆಂದು ಕೇಳಿದೆ, ಅಷ್ಟೆ.

ಹರಿನಾರಾಯಣ


ಕೊಲೀಮಾ
29 ಡಿಸೆಂಬರ್ 2002

ಇವರಿಗೆ ನಮಸ್ಕಾರ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೆರಿಗೆ ಡಾಕ್ಟರು ಹೆಂಗಸೋ ಗಂಡಸೋ ಎಂದು ತಿಳಿಯುವ ಆಸೆ ಉಂಟೆಂದು ನನಗೆ ಗೊತ್ತಿರಲಿಲ್ಲ. ಹೆಂಗಸು. ಆಸ್ಪತ್ರೆ ಮೂರು ಬೀದಿ ಆಚೆ. ಹಾಲು ಧಾರಾಳ. ತುಪ್ಪ ನಾನೇ ಕಾಯಿಸುತ್ತೇನೆ. ಆ ವಾಸನೆಗೆ ಪಕ್ಕದ ಮನೆಯವರು ಬಂದು ಇಣುಕಿದರು. ಇನ್ನು ಮಕ್ಕಳಿಗೆ ಬೇಕಾದ ಉಳಿದ ಸಂಗತಿಗಳು.

ನಿಮ್ಮ ಕಾಗದ ಬಂದದ್ದೇ ರಂಜನಿ ಓದಿದಳು. ಎರಡನೆಯ ಸಲವೂ ಓದಿ, “ಅಪ್ಪ ಗೋಡೆಯ ವಿಷಯ ಕೇಳಿದ್ದಾರೆ” ಎಂದು ಗಂಡನಿಗೆ ಹೇಳಿದಳು. ಅವನು ತಕ್ಷಣ ಎದ್ದು ಹೋಗಿ ಗೋಡೆ ಅಳೆದು ಬಂದ. ಒಂದೂವರೆ ಮೊಳ ದಪ್ಪ. ಮಣ್ಣಿಗೆ ಹುಲ್ಲು ಕಲಸಿ ಬಿಸಿಲಿನಲ್ಲಿ ಒಣಗಿಸಿದ ದೊಡ್ಡ ಇಟ್ಟಿಗೆಗಳು. ಮನೆ ಎಲೀಹಿಯೊ ಅವರ ಅಜ್ಜನ ಕಾಲದ್ದು. ಮಧ್ಯಾಹ್ನವೂ ಒಳಗೆ ತಂಪು. ಬಾಣಂತಿಗೆಂದು ನಾನು ಎಲ್ಲಕ್ಕಿಂತ ಒಳಗಿನ ಕೋಣೆಯನ್ನೇ ಆರಿಸಿದ್ದೇನೆ, ಅಲ್ಲಿಗೆ ಒಂದು ಚೂರೂ ಗಾಳಿ ಬಾರದು.

ನೀವು ಊರು ಹುಟ್ಟಿದ ವರ್ಷ ಕೇಳಿದ್ದೀರೆಂದು ಮರುದಿನವೇ ನಮ್ಮ ಸವಾರಿ ಹೊರಟಿತು. ತುಂಬುಹೊಟ್ಟೆಯವಳು ಬೇಡವೆಂದರೂ ಕೇಳಲಿಲ್ಲ. ಸ್ಪೇನಿನವರು ಈ ಊರು ಹಾಕಿದ್ದು 1523ರಲ್ಲಿ, ಬೇರೆ ಕಡೆ. ಕೆಲವು ವರ್ಷದ ಮೇಲೆ ಇಲ್ಲಿಗೆ ತಂದರು. ಸರಕಾರದ ಅರಮನೆಯ ಮೆಟ್ಟಿಲ ಸುತ್ತ ಗೋಡೆಯ ತುಂಬ ಅವರ ಚರಿತ್ರೆಯನ್ನೇ ಚಿತ್ರವಾಗಿ ಬರೆದಿದ್ದಾರೆ: ಕುದುರೆ, ಬೆಂಕಿ, ಶಿಲುಬೆ, ಸಂಕೋಲೆ. ಅವರ ಸ್ವಾತಂತ್ರ್ಯದ ಹೋರಾಟ ಶುರುಮಾಡಿದ ಪಾದ್ರಿ ಮೊದಲು ಕೆಲವು ಕಾಲ ಈ ಊರಿನ ಇಗರ್ಜಿಯಲ್ಲೇ ಇದ್ದವರಂತೆ. ವಸ್ತುಸಂಗ್ರಹಾಲಯದಲ್ಲಿ ಸ್ಪೇನಿನವರಿಗಿಂತಲೂ ಹಿಂದಿನ ಗೋರಿಗಳಿಂದ ತೆಗೆದ ಮಣ್ಣಿನ ನಾಯಿಗಳು. ಎಲ್ಲ ದುಂಡಗೆ ಕೊಬ್ಬಿದವು. ಸತ್ತವರಿಗೆ ದಾರಿ ತೋರಿಸಲಿಕ್ಕೆ ಇಟ್ಟದ್ದು ಎನ್ನುತ್ತಾರೆ. ಒಂದು ಜೋಡಿ ಒಂದರ ಹೆಗಲ ಮೇಲೊಂದು ಕಾಲಿಟ್ಟು ಕುಣಿಯುತ್ತದೆ. ರಂಜನಿ ಅದರ ಎದುರು ನಿಂತು ಎಷ್ಟು ನಕ್ಕಳೆಂದರೆ ಕಾವಲಿನವನು ಕುರ್ಚಿ ತಂದುಕೊಟ್ಟ.

ದೊಡ್ಡ ಇಗರ್ಜಿ ಮಾತ್ರ ಮೊದಲಿನದಲ್ಲ. ಭೂಮಿ ನಡುಗಿ ಬಿದ್ದದ್ದು, ಮತ್ತೆ ಕಟ್ಟಿದ್ದು, ಮತ್ತೆ ಬಿದ್ದದ್ದು. ಭೂಕಂಪದಿಂದ ಕಾಯಲಿಕ್ಕೆಂದೇ ಒಬ್ಬ ಸಂತನನ್ನು ಈ ಊರಿನವರು ಆರಿಸಿಕೊಂಡಿದ್ದಾರೆ. ಫೆಬ್ರವರಿಯಲ್ಲಿ ಅವನ ಹಬ್ಬವಂತೆ.

ಇದೊಂದು ನಿಮಗೆ ಖುಷಿ ಕೊಡಬಹುದು. ಇಲ್ಲಿಯ ತೆಂಗು ಇಲ್ಲಿಯದಲ್ಲ. ಹಡಗಿನಲ್ಲಿ ಪೆಸಿಫಿಕ್ ದಾಟಿ ಬಂದದ್ದು. ಅದರ ಬೆನ್ನಿಗೇ ಫಿಲಿಪ್ಪೀನಿನ ಕೆಲಸದವರೂ ಬಂದರು, ತೆಂಗಿನಿಂದ ಏನೆಲ್ಲ ಮಾಡಬಹುದೆಂದು ಕಲಿಸಿದರು. ಸ್ಪೇನಿನಿಂದ ಬರುವ ಮದ್ಯಕ್ಕೆ ಗಿರಾಕಿ ಇಲ್ಲವೆಂದಾದಾಗ ಮೇಲಿನವರು ಈ ಸೀಮೆಯ ತೆಂಗಿನಮರಗಳನ್ನೆಲ್ಲ ಕಡಿಯಿರಿ ಎಂದು ಅಪ್ಪಣೆ ಹೊರಡಿಸಿದರಂತೆ. ಊರಿನವರು ಕಡಿಯಲಿಲ್ಲ. ನಾನು ಈ ಕಾಗದ ಬರೆಯುತ್ತಿರುವುದು ಆ ಮರಗಳ ಮೊಮ್ಮಕ್ಕಳ ನೆರಳಿನಲ್ಲಿ.

ರಂಜನಿಗೆ ಕಾಲು ಸ್ವಲ್ಪ ಊದಿದೆ, ಬೇರೆ ತೊಂದರೆ ಇಲ್ಲ. ದಿನಾ ಟಪಾಲಿನವನನ್ನು ಕಾಯುತ್ತಾಳೆ.

ಪರಮೇಶ್ವರಿ


ಕೊಲೀಮಾ
9 ಜನವರಿ 2003

ಇವರಿಗೆ ನಮಸ್ಕಾರ.

ಇದು ಸಣ್ಣ ಕಾಗದ, ನನಗೆ ಕೈ ತುಂಬ ಕೆಲಸ. ಜನವರಿ ಆರು ಇಲ್ಲಿ ಹಬ್ಬ. ಯೇಸುವನ್ನು ನೋಡಲು ಮೂವರು ರಾಜರು ಉಡುಗೊರೆ ಹಿಡಿದು ಬಂದ ದಿನವಂತೆ. ಬಳೆಯ ಆಕಾರದ ದೊಡ್ಡ ರೊಟ್ಟಿ ಸುಟ್ಟು ಅದರೊಳಗೆ ಒಂದು ಚಿಕ್ಕ ಬೊಂಬೆ ಅಡಗಿಸಿಡುತ್ತಾರೆ. ಬೊಂಬೆ ಯಾರ ಪಾಲಿಗೆ ಬಂತೋ ಅವರು ಎಲ್ಲರಿಗೂ ಊಟ ಹಾಕಬೇಕು. ಈ ಸಲ ನನ್ನ ಪಾಲಿಗೆ ಬಂತು. ಊರಿಗೆಲ್ಲ ಪಾಯಸ ಮಾಡುತ್ತೇನೆ ಎಂದಿದ್ದೇನೆ.

ಅದೇ ದಿನ ಈ ಊರಿಗೆ ಹೊಸತೊಂದು ಬಂದಿದೆ. ನೀವು ಈತನಕ ಹಳೆಯದನ್ನು ಮಾತ್ರ ಕೇಳಿದ್ದೀರಿ. ಹೊಸತರ ಬಗ್ಗೆ ಹೆಸರು ಹಿಡಿದು ಕೇಳಿದರೆ ನಾನೂ ಬಾಯಿ ತುಂಬ ಹೇಳುತ್ತೇನೆ. ಅಲ್ಲಿತನಕ ಇಷ್ಟೆ.

ಪರಮೇಶ್ವರಿ


ಪುತ್ತಿಗೆ
22 ಜನವರಿ 2003

ಪರಮೇಶ್ವರಿ,

ಈ ಕಾಗದ ಓದುವವರು ಯಾರೆಂದು ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಡಿಸೆಂಬರಿನ ನಿನ್ನ ಕಾಗದ ನಿನ್ನೆ ಬಂತು. ಇವತ್ತು ಅದನ್ನೇ ಜೇಬಿನಲ್ಲಿಟ್ಟು ತರಗತಿಗೆ ಹೋಗಿ, ತೆಂಗಿನಮರ ಕಡಿಯುವ ಅಪ್ಪಣೆಯ ಕತೆ ಹೇಳಿದೆ. ಮಕ್ಕಳಿಗೆ ಬಹಳ ಹಿಡಿಸಿತು. ಸ್ಟಾಫ್ ರೂಮಿಗೆ ಬಂದಾಗ ರೇಡಿಯೋದಲ್ಲಿ ವಾರ್ತೆ. ಮೆಕ್ಸಿಕೊದ ಪಶ್ಚಿಮ ಕರಾವಳಿಯಲ್ಲಿ ದೊಡ್ಡ ಭೂಕಂಪ. ಮತ್ತೆ ಊರಿನ ಹೆಸರು ಹೇಳಿದರು. ಹಳೆಯ ಮಣ್ಣಿನ ಮನೆಗಳು ಕುಸಿದಿವೆ ಎಂದರು.

ಒಂದೂವರೆ ಮೊಳ ದಪ್ಪದ ಗೋಡೆ ಎಂದು ನೀನೇ ಬರೆದಿದ್ದೆ. ಎಲ್ಲಕ್ಕಿಂತ ಒಳಗಿನ ಕೋಣೆ ಎಂದೂ ಬರೆದಿದ್ದೆ.

ಮನೆಗೆ ಓಡಿದೆ. ಆಗ ನೆನಪಾಯಿತು, ನನ್ನ ಬಳಿ ಆ ಮನೆಯ ಫೋನ್ ನಂಬರೇ ಇಲ್ಲ. ನಾನು ಇಟ್ಟುಕೊಂಡವನಲ್ಲ. ಸತ್ಯವತಿ ಹೋಗಿ ಅವಳ ಮನೆಯ ಕ್ಯಾಲೆಂಡರಿನ ಹಿಂಬದಿಯಿಂದ ನೋಡಿ ಬರೆದು ತಂದಳು. ಮೂರು ವರ್ಷದಿಂದ ಅಲ್ಲಿತ್ತಂತೆ. ನಮ್ಮ ಫೋನಿನಿಂದ ಹೊರದೇಶಕ್ಕೆ ಹೋಗುವುದಿಲ್ಲವೆಂದು ಇಬ್ಬರೂ ಕುಂಬಳೆಗೆ ಹೋದೆವು. ಪೇಟೆಯಲ್ಲಿ ಫೋನ್ ಬೂತ್ ಇಟ್ಟಿರುವ ಯೋಗೀಶ್ ನನ್ನ ಹಳೆಯ ವಿದ್ಯಾರ್ಥಿ. ಎಷ್ಟು ಸಲ ತಿರುಗಿಸಿದರೂ ಲೈನ್ ಸಿಗಲಿಲ್ಲ. “ಅಲ್ಲಿ ಯಾರು ಉಂಟು ಮಾಷ್ಟ್ರೇ?” ಎಂದು ಕೇಳಿದ. ಹೆಂಡತಿ ಇದ್ದಾಳೆ ಎಂದೆ. ಅವನು ಇನ್ನೊಮ್ಮೆ ತಿರುಗಿಸಿದ. ಅವನ ಬೆರಳು ನೋಡುತ್ತ ನಿಂತಿದ್ದ ನನ್ನ ಬಾಯಿಯಿಂದ ತಾನಾಗಿ ಬಂತು: “ಮಗಳು ಇದ್ದಾಳೆ. ರಂಜನಿ. ಅವಳಿಗೆ ಹೆರಿಗೆಯ ಸಮಯ.”

ಸತ್ಯವತಿ ಬೂತಿನ ಹೊರಗೆ ಹೋಗಿ ನಿಂತುಕೊಂಡಳು.

24 ಜನವರಿ

ಇದನ್ನು ಇನ್ನೂ ಟಪಾಲಿಗೆ ಹಾಕಿಲ್ಲ. ಎರಡು ದಿನವೂ ಬೂತಿನಲ್ಲೇ ಕುಳಿತೆ. ಯೋಗೀಶ್ ಇವತ್ತು ನನಗೆ ಕುರ್ಚಿ ಕೊಟ್ಟು ಬೇರೆ ಗಿರಾಕಿಗಳನ್ನು ಹೊರಗೆ ನಿಲ್ಲಿಸಿದ.

ಮಧ್ಯಾಹ್ನ ನಿನ್ನ ಕಾಗದ ಬಂತು. ಕೈಬರಹ ನೋಡಿ ಜೀವ ಬಂತು; ತಾರೀಕು ನೋಡಿದೆ, ಜನವರಿ ಒಂಬತ್ತು. ನಡುಗುವುದಕ್ಕಿಂತ ಮೊದಲಿನದು. ರೊಟ್ಟಿ, ಬೊಂಬೆ, ಪಾಯಸ. ಹೆಸರು ಹಿಡಿದು ಕೇಳಬೇಕು ಎಂದು ಬರೆದಿದ್ದೀಯ.

ಕೇಳುತ್ತೇನೆ. ರಂಜನಿ ಹೇಗಿದ್ದಾಳೆ? ರಂಜನಿಯ ಮಗು ಹೆಣ್ಣೋ ಗಂಡೋ? ರಂಜನಿಗೆ ಹೆರಿಗೆ ಕಷ್ಟವಾಯಿತೇ? ಅಮ್ಮ ಹತ್ತಿರವೇ ಇದ್ದಳೆಂದು ಅವಳಿಗೆ ಧೈರ್ಯ ಇತ್ತೇ? ಮೂವರೂ ಇದ್ದೀರಾ? ಯಾರಾದರೂ ಒಬ್ಬರು ಉತ್ತರ ಬರೆಯಿರಿ. ಊರಿನ ಸುದ್ದಿ ಏನೂ ಬೇಡ.

ಹರಿನಾರಾಯಣ


ಕೊಲೀಮಾ
27 ಜನವರಿ 2003

ಇವರಿಗೆ,

ಮೊನ್ನೆ ಕಡೆಗೂ ಫೋನ್ ಸಿಕ್ಕಿತು, ನೀವೇ ಎತ್ತಿದಿರಿ. ರಂಜನಿ “ಅಪ್ಪ, ಎಲ್ಲರೂ ಇದ್ದೇವೆ” ಎಂದದ್ದು, ನೀವು “ಹೇಳು ಮಗಾ” ಎಂದದ್ದು, ಅಷ್ಟರಲ್ಲಿ ಲೈನ್ ಹೋಯಿತು. ಅವಳು ರಿಸೀವರನ್ನು ಬಹಳ ಹೊತ್ತು ಕಿವಿಯಿಂದ ತೆಗೆಯಲಿಲ್ಲ. ಉಳಿದದ್ದನ್ನು ನಾನು ಬರೆಯುತ್ತೇನೆ.

ಮಗು ಹೆಣ್ಣು. ಆರನೆಯ ತಾರೀಕಿನ ಬೆಳಗ್ಗೆ ಹುಟ್ಟಿತು. ಹೆರಿಗೆ ಸುಲಭವಾಯಿತು. ಹೆಸರು ರಂಜನಿಯೇ ಇಟ್ಟಳು, ಯಾರನ್ನೂ ಕೇಳಲಿಲ್ಲ: ಇನೇಸ್ ಮೂಕಾಂಬಿಕಾ. ಮೊದಲನೆಯದು ಎಫ್ರಾಯೀನನ ಅಜ್ಜಿಯದು, ಎರಡನೆಯದು ನಿಮ್ಮ ಅಮ್ಮನದು. ಇದನ್ನು ನಾನು ಅಂದೇ ಬರೆಯಬೇಕಿತ್ತು. ನಿಮ್ಮ ಬಾಯಿಂದ ಮಾತು ಹೊರಡಿಸುತ್ತೇನೆ ಎಂಬ ಹಟದಲ್ಲಿ ಬರೆಯಲಿಲ್ಲ. ಆ ಕಾಗದ ನಿಮಗೆ ಯಾವ ದಿನ ತಲುಪಿರಬಹುದು ಎಂದು ಈಗ ಲೆಕ್ಕ ಹಾಕಿದರೆ ನನಗೆ ಅನ್ನ ಇಳಿಯುವುದಿಲ್ಲ.

ಇನ್ನೊಂದು ವಿಷಯವನ್ನೂ ನಿಮ್ಮಿಂದ ಮುಚ್ಚಿಟ್ಟಿದ್ದೆ. ಎಲೀಹಿಯೊ ಅವರ ಪಾನೀಯಕ್ಕೆ ಇಲ್ಲಿ ತುಬಾ ಎನ್ನುತ್ತಾರೆ. ತುಬಾ ಎಂದರೆ ಕಳ್ಳು. ಅವರು ಮರ ಹತ್ತಿ ಹೊಂಬಾಳೆ ಕೊಯ್ದು, ಇಳಿಸಿದ್ದನ್ನು ಒಣಸೋರೆಯ ಬುರುಡೆಗಳಲ್ಲಿ ತುಂಬಿ ಹೆಗಲಿಗೆ ಹಾಕಿಕೊಂಡು, ಬಿಳಿ ಅಂಗಿ ತೊಟ್ಟು ಚೌಕದ ಕಮಾನುಗಳ ಕೆಳಗೆ ಮಾರುತ್ತಾರೆ. ಹುಳಿ ಬರುವ ಮೊದಲೇ, ಸಿಹಿ ಇರುವಾಗಲೇ, ಮೇಲೆ ಕಡಲೆಬೀಜ ಉದುರಿಸಿ ಕೊಡುತ್ತಾರೆ. ಮಕ್ಕಳೂ ಕುಡಿಯುತ್ತಾರೆ. ನಿಮ್ಮ ಬೀಗರು ಕಳ್ಳಿನವರು ಎಂದು ತಿಳಿದರೆ ನೀವು ಈ ಬಾಗಿಲನ್ನು ಪೂರ್ತಿ ಮುಚ್ಚುತ್ತೀರಿ ಎಂದು ಹೆದರಿದ್ದೆ. ಈಗ ಹೆದರುವುದಿಲ್ಲ. ಯಾಕೆಂದು ಕೇಳಿ.

ಬಾಣಂತಿಗೆ ಅದು ಹಾಲು ಬರಿಸುತ್ತದೆ ಎಂದು ಚೋನಾ ಹಠ. ಕಳ್ಳು ಬಾಣಂತಿಯ ಬಾಯಿಗೆ ಕೂಡದೆಂದು ನನ್ನ ಹಠ. ಎದುರಿನಲ್ಲಿ ನಾನೇ ಗೆದ್ದೆ. ಹಿಂದಿನಿಂದ ಆಗುತ್ತಿದ್ದದ್ದು ಬೇರೆ. ಸಂಜೆಯ ಮರ ಇಳಿದು ಎಲೀಹಿಯೊ ಮನೆಗೆ ಬರುವ ಹೊತ್ತಿಗೆ ರಂಜನಿ ಕೂಸನ್ನು ಎತ್ತಿಕೊಂಡು ಮೆಲ್ಲನೆ ಹಿತ್ತಿಲಿಗೆ ಹೋಗುವುದು, ಒಂದು ಲೋಟ ಕುಡಿಯುವುದು, ನನಗೆ ತಿಳಿಯದ ಹಾಗೆ ಬಂದು ಮಲಗುವುದು.

ಇಪ್ಪತ್ತೊಂದರ ಸಂಜೆ ಅವಳಿಗೆ ಮೆಂತೆಗಂಜಿ ಹಿಡಿದುಕೊಂಡು ಕೋಣೆಗೆ ಹೋದೆ. ಮಂಚ ಖಾಲಿ. ಗಂಜಿಯ ಪಾತ್ರೆ ಕೈಯಲ್ಲೇ ಇತ್ತು, ಹಾಗೆಯೇ ಹಿತ್ತಿಲಿಗೆ ನಡೆದೆ. ತೆಂಗಿನಮರದ ಬುಡದಲ್ಲಿ ಮಾವ ಸೊಸೆ ಕುಳಿತಿದ್ದಾರೆ, ಕೂಸು ಮಾವನ ತೊಡೆಯ ಮೇಲೆ, ಲೋಟ ಅವಳ ಕೈಯಲ್ಲಿ. ಬಾಣಂತಿ ಕಳ್ಳು ಕುಡಿಯುವುದು ಯಾವ ಊರಿನ ಶಾಸ್ತ್ರ ಎಂದು ನಾನು ಕೇಳಿದೆ. ಅವಳು, “ಅಮ್ಮಾ, ಈಗ ಇಳಿಸಿದ್ದು, ಒಂದು ಗುಟುಕು ನೀವೂ ನೋಡಿ” ಎಂದಳು. ನನ್ನ ಗಂಟಲು ಏರಿತು. ಜಗಳ ಕೇಳಿ ಒಳಗಿದ್ದ ಚೋನಾ ಬಂದರು, ಎಫ್ರಾಯೀನ್ ಬಂದ. ಎಲ್ಲರೂ ಹಿತ್ತಿಲಲ್ಲಿ ಸೇರಿದಾಗ ನಾನು ಬೈಯುತ್ತಲೇ ಇದ್ದೆ. ಆಗ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಕೆಳಗಿನಿಂದ ಲಾರಿ ಹೋದ ಹಾಗೆ ಶಬ್ದ ಬಂತು, ನೆಲ ಜಾರಿತು. ಎಲೀಹಿಯೊ ಕೂಸಿನ ಮೇಲೆ ಬಗ್ಗಿದರು. ನಾನು ರಂಜನಿಯ ತಲೆಯನ್ನು ಎದೆಗೆ ಒತ್ತಿಕೊಂಡು ಕುಕ್ಕರಿಸಿದೆ. ತೆಂಗಿನಮರಗಳು ಎತ್ತ ಬೇಕೆಂದರತ್ತ ಬಾಗಿದವು, ಒಂದೂ ಮುರಿಯಲಿಲ್ಲ. ಮನೆ ನಮ್ಮ ಕಣ್ಣೆದುರೇ ಕುಳಿತುಬಿಟ್ಟಿತು.

ಧೂಳು ಇಳಿದ ಮೇಲೆ ನೋಡಿದರೆ ಒಳಕೋಣೆಯ ಗೋಡೆ ಪೂರ್ತಿ ಮಂಚದ ಮೇಲೆ. ನಾನೇ ಆರಿಸಿದ ಕೋಣೆ, ನಾನೇ ಹಾಸಿದ ಹಾಸಿಗೆ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ತುಪ್ಪದ ವಾಸನೆಗೆ ಬಂದು ಇಣುಕಿದವರು ಅವರೇ. ಚೋನಾ ಮತ್ತು ನಾನು ಹೋಗಿ ಅವರಿಗೆ ಸೀರೆ, ಅಲ್ಲ, ಅವರ ಹಬ್ಬದ ಉಡುಪು ತೊಡಿಸಿದೆವು. ದೊಡ್ಡ ಇಗರ್ಜಿ ಬಿರುಕು ಬಿಟ್ಟು ನಿಂತಿದೆ. ಹಿತ್ತಿಲಲ್ಲಿ ಟಾರ್ಪಾಲು ಕಟ್ಟಿ ಅದರ ಕೆಳಗೆ ನಾವೆಲ್ಲ ಮಲಗುತ್ತೇವೆ. ಬಾಣಂತಿಗೆ ಬೇಕಾದಷ್ಟು ಗಾಳಿ. ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ. ಸಂಜೆಯ ಲೋಟವನ್ನು ಈಗ ನಾನೇ ರಂಜನಿಗೆ ಕೊಡುತ್ತೇನೆ.

ಪರಮೇಶ್ವರಿ


ಪುತ್ತಿಗೆ
18 ಫೆಬ್ರವರಿ 2003

ಪ್ರಿಯ ಪರಮೇಶ್ವರಿ,

ನಿನ್ನ ಕಾಗದವನ್ನು ಸತ್ಯವತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮನ ಹೆಸರಿನ ಸಾಲು ಬಂದಾಗ ಮುಂದೆ ಓದಲಿಕ್ಕಾಗದೆ ಅವಳ ಕೈಗೆ ಕೊಟ್ಟೆ.

ಕಳ್ಳಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ನೀನು ಒಳಗೆ ಬಡಿಸುತ್ತಿದ್ದಾಗ ಆ ಹುಡುಗ ಜಗಲಿಯಲ್ಲಿ ಕುಳಿತು ಅವನ ಅಪ್ಪನ ಫೋಟೋ ತೋರಿಸಿದ್ದ. ಮರದ ಮೇಲೆ ಕುಳಿತ ಫೋಟೋ. ಬಹಳ ಹೆಮ್ಮೆಯಿಂದ ತೋರಿಸಿದ. ನನಗೆ ಅವನು ಆಗಲೇ ಹಿಡಿಸಿದ್ದ. ಮದುವೆಗೆ ನಾನು ಒಪ್ಪದಿರಲು ಕಾರಣ ಜಾತಿ ಎಂದು ನೀನು ಎಂದುಕೊಂಡೆ, ಇಗರ್ಜಿ ಎಂದು ಸತ್ಯವತಿ ಎಂದುಕೊಂಡಳು. ಶಾಲೆಯಲ್ಲಿ ಭೂಗೋಳದ ಗೋಲ ಒಂದಿದೆಯಲ್ಲ. ಮದುವೆಯ ಸುದ್ದಿ ಬಂದ ದಿನ ಅದನ್ನು ತಿರುಗಿಸಿದೆ. ಕಾಸರಗೋಡು ಎದುರಿಗಿದ್ದರೆ ಆ ಊರು ಕಾಣುವುದಿಲ್ಲ, ಆ ಊರು ಎದುರಿಗೆ ಬಂದರೆ ಕಾಸರಗೋಡು ಕಾಣುವುದಿಲ್ಲ. ಅದಕ್ಕಿಂತ ದೂರಕ್ಕೆ ಹೋಗಬೇಕೆಂದರೆ ಭೂಮಿಯ ಮೇಲೆ ಜಾಗವೇ ಇಲ್ಲ. ಹೋಗಬೇಡ ಎಂದು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ, ಹೋಗಿ ಬಾ ಎನ್ನಲಿಕ್ಕೂ ಬರಲಿಲ್ಲ. ಎಲ್ಲರೂ ಸಿಟ್ಟು ಎಂದರು. ಸಿಟ್ಟೆಂದೇ ಇರಲಿ ಎಂದು ನಾನೂ ಬಿಟ್ಟೆ.

ಬೋಜನನ್ನು ಕರೆದು ನಿನ್ನ ಕಾಗದದ ಹಿತ್ತಿಲ ಭಾಗ ಓದಿ ಹೇಳಿದೆ. ಅವನು ತಲೆ ಅಲ್ಲಾಡಿಸುತ್ತ ಕೇಳಿ, “ಅಲ್ಲಿ ದಿನಕ್ಕೆ ಎಷ್ಟು ಸಲ ಕೊಯ್ಯುವುದು ಮಾಷ್ಟ್ರೇ? ಹುಳಿ ಬಾರದ ಹಾಗೆ ಮಡಕೆಗೆ ಸುಣ್ಣ ಬಳಿಯುತ್ತಾರಾ?” ಎಂದ. ನನಗೆ ಗೊತ್ತಿಲ್ಲ ಎಂದೆ. “ಬೀಗರಲ್ಲವಾ, ಕೇಳಿ ನೋಡಿ ಮಾರಾಯ್ರೇ” ಎಂದ. ಹಾಗಾಗಿ ಕೇಳುತ್ತಿದ್ದೇನೆ, ಎಲೀಹಿಯೊ ಅವರಲ್ಲಿ ವಿಚಾರಿಸಿ ಬರೆ. ಗದ್ದೆಬದಿಯ ಮರಗಳನ್ನು ಅವನಿಗೆ ಕೊಟ್ಟೆ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಪೋಲೀಸಿನವರು ವಿಚಾರಣೆಗೆ ಬಂದು ಹೋದರು. ಮಾರ್ಚ್ ಮುಗಿದರೆ ನಾನು ಸ್ವತಂತ್ರ. ಬೀಳ್ಕೊಡುಗೆಯ ಸಮಾರಂಭ ಚಿಕ್ಕದು ಸಾಕು ಎಂದು ಅಧ್ಯಾಪಕರಿಗೆ ತಿಳಿಸಿದ್ದೇನೆ. ನಾನು ಬರುತ್ತೇನೆ. ಬರಬಹುದೇ ಎಂದು ರಂಜನಿಯನ್ನು ಕೇಳು.

ಹರಿನಾರಾಯಣ


ಕೊಲೀಮಾ
14 ಮಾರ್ಚ್ 2003

ಇವರಿಗೆ ನಮಸ್ಕಾರ.

ಅವಳನ್ನು ಕೇಳಿದೆ. ಅವಳು ಎದ್ದು ಹೋಗಿ, ಇಡೀ ದಿನ ಟಾರ್ಪಾಲಿನ ಒಂದು ಮೂಲೆ ಗುಡಿಸಿ, ಚಾಪೆ ಹಾಸಿ, ಓದಲಿಕ್ಕೆ ಬೇಕೆಂದು ಅಲ್ಲಿಗೊಂದು ಬಲ್ಬು ಎಳೆಸಿದಳು. ಅದು ನಿಮ್ಮ ಜಾಗವಂತೆ.

ಬರುವಾಗ ಜೀರಿಗೆ, ಓಮ, ಸಾಂಬಾರುಪುಡಿ, ಕೂಸಿಗೆ ಬೆಳ್ಳಿಯ ಕಾಲ್ಗಡಗ ತನ್ನಿ. ಉಪ್ಪಿನಕಾಯಿ ಬೇಡ, ವಿಮಾನದಲ್ಲಿ ಚೆಲ್ಲುತ್ತದೆ. ನನಗೆ ಇಲ್ಲಿರಲು ಮೇ ತಿಂಗಳ ತನಕ ಮಾತ್ರ ಅನುಮತಿ. ಏಪ್ರಿಲಿನಲ್ಲಿ ನೀವು ಬಂದರೆ ಸ್ವಲ್ಪ ದಿನ ಒಟ್ಟಿಗೆ ಇರಬಹುದು. ಮತ್ತೆ ನಾನು ಮನೆಗೆ ಹೋಗುತ್ತೇನೆ, ನೀವು ಇರಿ. ಹೊಸ ಮನೆಗೆ ಅಸ್ತಿವಾರ ತೋಡಿದ್ದಾರೆ, ಈ ಸಲ ಕಂಬಗಳಿಗೆ ಕಬ್ಬಿಣ ಹಾಕುತ್ತಾರೆ.

ದಿನಕ್ಕೆ ಎರಡು ಸಲ ಕೊಯ್ಯುತ್ತಾರೆ. ಸುಣ್ಣ ಬಳಿಯುವುದಿಲ್ಲ. ಬೋಜನಿಗೆ ಹೇಳಿ.

ಪರಮೇಶ್ವರಿ


ಕೊಲೀಮಾ
6 ಜುಲೈ 2003

ಪ್ರಿಯ ಪರಮೇಶ್ವರಿ,

ನೀನು ಪುತ್ತಿಗೆಗೆ ತಲುಪಿ ಬರೆದ ಕಾಗದ ಬಂತು. ಸತ್ಯವತಿಯ ಸಾಂಬಾರಿಗೆ ಈಗ ಉಪ್ಪು ಸರಿಯಾಗಿದೆ ಎಂದು ತಿಳಿದು ಸಂತೋಷವಾಯಿತು.

ಇಲ್ಲಿ ಗೋಡೆಗಳು ಎದೆಯೆತ್ತರಕ್ಕೆ ಬಂದಿವೆ. ಮಳೆ ಶುರುವಾಯಿತೆಂದು ಕೆಲಸ ನಿಲ್ಲಿಸುವ ಮಾತಿತ್ತು. ನಾನು ಮತ್ತು ಎಲೀಹಿಯೊ ಸೇರಿ ಗೋಡೆ ನೆನೆಯದ ಹಾಗೆ ಮೇಲೆ ತಾತ್ಕಾಲಿಕ ಮಾಡು ಹಾಕಿಸಿದೆವು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು, ಆದರೂ ಕಿಟಕಿಯ ಜಾಗದ ವಿಷಯದಲ್ಲಿ ಅರ್ಧ ದಿನ ವಾದ ಮಾಡಿದೆವು. ಕೊನೆಗೆ ಅವರು ಹೇಳಿದಲ್ಲೇ ಇಟ್ಟದ್ದು. ಬೆಳಗ್ಗೆ ಅವರೊಟ್ಟಿಗೆ ಚೌಕಕ್ಕೆ ಹೋಗಿ ಕಮಾನಿನ ಕೆಳಗೆ ಕುಳಿತುಕೊಳ್ಳುತ್ತೇನೆ. ಬಿರುಕು ಬಿಟ್ಟ ಇಗರ್ಜಿಗೆ ಅಟ್ಟಣಿಗೆ ಕಟ್ಟಿ ಗಾರೆ ತುಂಬುತ್ತಿದ್ದಾರೆ. ಎಷ್ಟನೆಯ ಸಲ ಕಟ್ಟುವುದೋ ಇವರೇ ಲೆಕ್ಕ ಬಿಟ್ಟಿದ್ದಾರೆ. ನೀನು ಕೇಳುವ ಮೊದಲೇ ಹೇಳುತ್ತೇನೆ: ಕುಡಿದೆ. ಚೆನ್ನಾಗಿದೆ. ಕಡಲೆಬೀಜ ಜಾಸ್ತಿ ಹಾಕಿಸಿಕೊಂಡೆ.

ರಂಜನಿಗೂ ನನಗೂ ಹಳೆಯ ಮಾತು ಏನೂ ನಡೆಯಲಿಲ್ಲ. ಬಂದ ಮೊದಲ ವಾರ ನಡೆಯಬಹುದೆಂದು ಇಬ್ಬರೂ ಕಾದೆವು. ಮತ್ತೆ ಅವಳು ಕೆಲಸಕ್ಕೆ ಹೋಗಲು ಶುರುಮಾಡಿದಳು. ಹಗಲು ಕೂಸನ್ನು ನಾನೇ ನೋಡಿಕೊಳ್ಳುತ್ತೇನೆ. ಸಂಜೆ ಅವಳು ಬಂದು ಬಾಗಿಲಲ್ಲೇ, ಇವತ್ತು ಎಂತ ತಿಂದಿತು, ಎಷ್ಟು ಹೊತ್ತು ನಿದ್ದೆ ಮಾಡಿತು ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಅವಳು ಚಪ್ಪಲಿ ಕಳಚದೆ ನಿಂತು ಕೇಳುತ್ತಾಳೆ.

ಈ ಊರಿನಲ್ಲಿ ನೀನು ನೋಡದೆ ಹೋದದ್ದು ಒಂದುಂಟು. ಪೇಟೆಯ ಅಂಚಿನ ಉದ್ಯಾನದಲ್ಲಿ ಆನೆಯ ಬೆನ್ನಿನಂಥ ನುಣುಪಾದ ಬಂಡೆ. ಬೆಂಕಿಬೆಟ್ಟ ಯಾವ ಕಾಲದಲ್ಲೋ ಉಗಿದು ಇಲ್ಲಿ ಬಂದು ಬಿದ್ದದ್ದಂತೆ. ಅದರ ಮೇಲಿಂದ ಜಾರಿದವರು ಎಲ್ಲಿಗೇ ಹೋದರೂ ಕೊಲೀಮಾಕ್ಕೆ ಮರಳಿ ಬರುತ್ತಾರೆ ಎಂದು ಇಲ್ಲಿಯವರ ನಂಬಿಕೆ. ಇವತ್ತು ಭಾನುವಾರವೆಂದು ಎಲ್ಲರೂ ಹೋಗಿದ್ದೆವು. ಇಂಥದ್ದಕ್ಕೆಲ್ಲ ಯಾವ ಆಧಾರವೂ ಇಲ್ಲ ಎಂದೆ. ರಂಜನಿ, “ಆಧಾರ ಬೇಡ ಅಪ್ಪ, ಪಂಚೆ ಎತ್ತಿ ಕಟ್ಟಿ” ಎಂದಳು.

ಮೊದಲು ಒಬ್ಬನೇ ಜಾರಿದೆ. ಯಾರದೋ ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೆಯ ಸಲ ರಂಜನಿ ಕೂಸನ್ನು ನನ್ನ ಮಡಿಲಲ್ಲಿ ಕೂರಿಸಿ, ತಾನು ಹಿಂದೆ ಕುಳಿತು ನನ್ನ ಸೊಂಟ ಬಳಸಿ ಹಿಡಿದುಕೊಂಡಳು. ಕೆಳಗೆ ಎಫ್ರಾಯೀನ್ ಕೈ ಚಾಚಿ ನಿಂತಿದ್ದ. ಅಲ್ಲಿಗೆ ತಲುಪುವಾಗ ಮೂವರೂ ನಗುತ್ತಿದ್ದೆವು. ಕೂಸಿಗೆ ಬಾಯಲ್ಲಿ ಒಂದು ಹಲ್ಲು ಮೂಡಿದ್ದು ನನಗೆ ಆಗಲೇ ಕಂಡದ್ದು.

ಸಾಕಾ ಅಪ್ಪ ಎಂದು ಅವಳು ಕೇಳಿದಳು. ನಾನು ಪಂಚೆ ಕೊಡವಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಮತ್ತೆ ಬಂಡೆ ಹತ್ತಲಿಕ್ಕೆ ಹೊರಟೆ.

ಹರಿನಾರಾಯಣ